ನೋಟಿನ ರಾಶಿ ಎಷ್ಟು ದೊಡ್ಡದು?

ನಮ್ಮ ದೇಶದಲ್ಲಿ ದೊಡ್ಡ ಮುಖಬೆಲೆಯ ನೋಟುಗಳನ್ನು 1946, 1978 ಮತ್ತು 2016ರಲ್ಲಿ ರದ್ದುಗೊಳಿಸಲಾಯಿತು. ಕೊನೆಯ ಎರಡನ್ನು ಹೋಲಿಸಿ ನೋಡಿ. 1978ರ ರದ್ದತಿ ಬಹುಪಾಲು ಜನರನ್ನು ತಟ್ಟಲೇ ಇಲ್ಲ. 2016ರಲ್ಲಾದರೋ ಊರೂರಲ್ಲೂ ಬ್ಯಾಂಕುಗಳ ಮುಂದೆ ಜನ ಸಾಲುಗಟ್ಟಿ ನಿಲ್ಲಬೇಕಾಯಿತು. ಈ ವ್ಯತ್ಯಾಸದ ಒಂದು ಕಾರಣವನ್ನು ಸರಳ ಗುಣಾಕಾರದಿಂದಲೇ ತಿಳಿಯಬಹುದು.

ಒಂದು ನೋಟಿನ ದಪ್ಪವನ್ನು ಅಳತೆಪಟ್ಟಿಯಿಂದ ಅಳೆಯಲಾಗದು. ಆದರೆ 100 ಹೊಸ ನೋಟುಗಳ ಕಟ್ಟು ಸುಮಾರು 1 ಸೆಂ.ಮೀ. ದಪ್ಪವಿರುತ್ತದೆ. ಎಂದರೆ ಒಂದು ನೋಟಿನ ದಪ್ಪ ಸುಮಾರು 0.1 ಮಿ.ಮೀ. 2016ರಲ್ಲಿ ರದ್ದಾದ 500 ರೂ. ನೋಟಿನ ಅಳತೆ 167 ಮಿ.ಮೀ. × 73 ಮಿ.ಮೀ.; 1000 ರೂ. ನೋಟಿನದು 177 ಮಿ.ಮೀ. × 73 ಮಿ.ಮೀ. ಆದ್ದರಿಂದ ಅವುಗಳ ಗಾತ್ರ ಕ್ರಮವಾಗಿ ಸುಮಾರು 1.22 ಮತ್ತು 1.29 ಘನ ಸೆಂ.ಮೀ.

2016ರ ನವೆಂಬರ್ 8ರಂದು ಚಲಾವಣೆಯಲ್ಲಿದ್ದ 500 ರೂ. ನೋಟುಗಳು 1716.5 ಕೋಟಿ, 1000 ರೂ. ನೋಟುಗಳು 685.8 ಕೋಟಿ. ಗುಣಿಸಿ ಕೂಡಿಸಿದರೆ ಸುಮಾರು 30,000 ಘನ ಮೀಟರ್ ಆಗುತ್ತದೆ. 50 ಮೀ. ಉದ್ದ, 25 ಮೀ. ಅಗಲ, 2 ಮೀ. ಆಳದ ಈಜುಕೊಳಗಳು ಇಂತಹ 12 ಬೇಕು! ಬಳಸಿ ಸುಕ್ಕಾದ ನೋಟುಗಳ ನಡುವೆ ಗಾಳಿ ಸೇರುವುದರಿಂದ ನಿಜವಾದ ರಾಶಿ ಇನ್ನೂ ದೊಡ್ಡದು.

1978ರಲ್ಲಿ ರದ್ದಾದ 1000, 5000 ಮತ್ತು 10,000 ರೂ. ನೋಟುಗಳ ಒಟ್ಟು ಮೌಲ್ಯ ಸುಮಾರು 146 ಕೋಟಿ ರೂ. ಎಲ್ಲವೂ 1000 ರೂ. ನೋಟುಗಳೇ ಎಂದಿಟ್ಟುಕೊಂಡರೂ ಅವು 14.6 ಲಕ್ಷ ಮಾತ್ರ. ಆಗಿನ ನೋಟುಗಳು ದೊಡ್ಡವು. ಒಂದಕ್ಕೆ ಧಾರಾಳವಾಗಿ 3 ಘನ ಸೆಂ.ಮೀ. ಹಿಡಿದರೂ ಒಟ್ಟು ಗಾತ್ರ 4.4 ಘನ ಮೀಟರ್ ಅಷ್ಟೆ. ಒಂದು ಲಾರಿ ಸಾಕು.

2016ರಲ್ಲಿ ಹೊರಹೋದದ್ದು ಚಲಾವಣೆಯ ಮೌಲ್ಯದ ಸುಮಾರು 86 ಪ್ರತಿಶತ. ಅದರ ಬದಲಿಗೆ ಹೊಸ ನೋಟುಗಳನ್ನು ಮುದ್ರಿಸಿ, ಸಾಗಿಸಿ, ಹಂಚಬೇಕಿತ್ತು. ನಮ್ಮ ಮೈಸೂರಿನ ಮುದ್ರಣಾಲಯವೂ ಈ ಕೆಲಸದಲ್ಲಿ ತೊಡಗಿತ್ತು. ಹೊಸ ನೋಟಿನ ಅಳತೆಯೇ ಬೇರೆಯಾದುದರಿಂದ ಎಟಿಎಂಗಳನ್ನೂ ಒಂದೊಂದಾಗಿ ಹೊಂದಿಸಬೇಕಾಯಿತು.

2000 ರೂ. ನೋಟು ಏಕೆ ಬಂತು ಎಂಬುದೂ ಈಗ ಅರ್ಥವಾಗುತ್ತದೆ. ಮುಖಬೆಲೆ ಹೆಚ್ಚಿದಷ್ಟೂ ಅದೇ ಮೊತ್ತಕ್ಕೆ ಬೇಕಾಗುವ ನೋಟುಗಳು ಕಡಿಮೆ. ಹಣದ ಅಗತ್ಯವನ್ನು ಬೇಗ ಪೂರೈಸುವುದೇ ಅದರ ಮುಖ್ಯ ಉದ್ದೇಶವಾಗಿತ್ತೆಂದು ರಿಸರ್ವ್ ಬ್ಯಾಂಕ್ 2023ರಲ್ಲಿ ಅದನ್ನು ಹಿಂಪಡೆಯುವಾಗ ತಿಳಿಸಿತು.

ರದ್ದಾದ ಸುಮಾರು 15.44 ಲಕ್ಷ ಕೋಟಿ ರೂಪಾಯಿಯನ್ನು 166 ಮಿ.ಮೀ. × 66 ಮಿ.ಮೀ. ಅಳತೆಯ 2000 ರೂ. ನೋಟುಗಳಲ್ಲೇ ಕೊಟ್ಟಿದ್ದರೆ ರಾಶಿ ಎಷ್ಟಾಗುತ್ತಿತ್ತು? ನೀವೇ ಲೆಕ್ಕ ಹಾಕಿ. ಉತ್ತರ 8,500 ಘನ ಮೀಟರ್‌ನ ಆಸುಪಾಸಿನಲ್ಲಿ ಬಂದರೆ ನಿಮ್ಮ ಲೆಕ್ಕ ಸರಿ.