ಅರವತ್ತು ತುಂಬಿದ ಗೆಳೆಯರಿಗೆ ಏನು ಮಾಡೋಣ?

ನಮ್ಮ ಗೆಳೆಯರ ಕೂಟದಲ್ಲಿ ಈಚೆಗೆ ಒಂದು ಸಮಸ್ಯೆ ಎದ್ದಿತು. ಕೂಟದ ಹಿರಿಯರೊಬ್ಬರಿಗೆ ಬರುವ ಮಾಘದಲ್ಲಿ ಅರವತ್ತು ತುಂಬುತ್ತದೆ. ಊರು ಬಿಟ್ಟು ಈ ಮಹಾನಗರಕ್ಕೆ ಬಂದಿಳಿದಾಗ ನಮ್ಮಲ್ಲಿ ಹಲವರಿಗೆ ಮೊದಲ ಬಾಡಿಗೆ ಕೋಣೆ ಹುಡುಕಿಕೊಟ್ಟವರು ಅವರು. ನೌಕರಿಯ ಅರ್ಜಿ ತಿದ್ದಿಕೊಟ್ಟವರು ಅವರು. ನಮ್ಮ ಮಕ್ಕಳಿಗೆ ಭಾನುವಾರ ಬೆಳಿಗ್ಗೆ ಕನ್ನಡದ ಕಾಗುಣಿತ ಹೇಳಿಕೊಟ್ಟವರೂ ಅವರೇ. ಅಂಥವರ ಅರವತ್ತನ್ನು ಸುಮ್ಮನೆ ದಾಟಿಹೋಗಲು ಬಿಡುವುದುಂಟೆ?

ಒಂದು ಸಂಜೆ ಸೇರಿ ಕುಳಿತೆವು. ಸಭಾಗೃಹ ಹಿಡಿಯೋಣ ಎಂದರು ಒಬ್ಬರು. ಶಾಲು, ಹಾರ, ಫಲತಾಂಬೂಲ ಸಾಕು ಎಂದರು ಇನ್ನೊಬ್ಬರು. ಹಮ್ಮಿಣಿ ಅರ್ಪಿಸೋಣ ಎಂಬುದು ಮತ್ತೊಬ್ಬರ ಸೂಚನೆ. ಅಚ್ಚಿನ ಹುಚ್ಚು ಇರುವವರೊಬ್ಬರಿಗೆ ಅಭಿನಂದನ ಗ್ರಂಥವೇ ಆಗಬೇಕು. ಇಷ್ಟರಲ್ಲಿ ಯಾರೋ, “ಶಾಸ್ತ್ರೋಕ್ತವಾಗಿ ಷಷ್ಟ್ಯಬ್ದಿಯನ್ನೇ ಮಾಡಿಸಿಬಿಡೋಣ” ಎಂದರು. ಕೋಣೆಯಲ್ಲಿ ಮಾತು ನಿಂತಿತು. ಅವರ ಮನೆಯಾಕೆ ತೀರಿಕೊಂಡು ಎರಡು ವರ್ಷವಾಗಿದೆ. ದಂಪತಿಗಳು ಜೊತೆಯಾಗಿ ಕುಳಿತು ಮಾಡಿಸಿಕೊಳ್ಳುವ ಶಾಂತಿಗೆ ಅವರು ಒಬ್ಬರೇ ಹೇಗೆ ಕುಳಿತಾರು? ನಮ್ಮ ಸಂಭ್ರಮದ ಸುದ್ದಿ ಕಿವಿಗೆ ಬಿದ್ದಾಗ ಅವರು ಆಡಿದ ಮಾತು ಇಷ್ಟೇ: “ನನಗೇನೂ ಬೇಡ ಕಣ್ರಪ್ಪ. ನನ್ನ ಅರವತ್ತು ಅವಳ ಜೊತೆಗೇ ಹೋಯಿತು.”

ಬೇಡ ಎಂದವರಿಗೆ ಮಾಡಿದರೆ ಬಲವಂತವಾಗುತ್ತದೆ. ಮಾಡದೆ ಬಿಟ್ಟರೆ ಉಪಕಾರ ಮರೆತಂತಾಗುತ್ತದೆ. ಹೀಗೆ ಕೈಕಟ್ಟಿ ಕುಳಿತಾಗ, ನಮಗಿಂತ ಹಿಂದಿನವರು ಇಂಥ ಸಂದರ್ಭಗಳಲ್ಲಿ ಏನು ಮಾಡಿದ್ದರು ಎಂದು ನೋಡುವ ಮನಸ್ಸಾಯಿತು. ಆ ನೋಟದಲ್ಲಿ ಸಿಕ್ಕಿದ್ದನ್ನು ಓದುಗರ ಮುಂದೆ ಇಡುತ್ತಿದ್ದೇವೆ.

ಮೊದಲು, ಅರವತ್ತಕ್ಕೇ ಯಾಕಿಷ್ಟು ಮಹತ್ವ? ಪಂಚಾಂಗ ನೋಡುವವರೆಲ್ಲ ಇದನ್ನು ಬಲ್ಲರು. ಪ್ರಭವದಿಂದ ಅಕ್ಷಯದವರೆಗೆ ಸಂವತ್ಸರಗಳು ಅರವತ್ತು. ಅರವತ್ತು ವರ್ಷ ತುಂಬಿದವನು ತಾನು ಹುಟ್ಟಿದ ಸಂವತ್ಸರದ ಹೆಸರನ್ನು ಎರಡನೆಯ ಸಲ ಕೇಳುತ್ತಾನೆ. ಚಕ್ರ ಒಂದು ಸುತ್ತು ಬಂದಿತು, ಬಾಳು ಹೊಸದಾಗಿ ಆರಂಭವಾಯಿತು ಎಂಬ ಭಾವನೆ ಅದರಲ್ಲಿದೆ. ಆದ್ದರಿಂದಲೇ ಉಗ್ರರಥ ಶಾಂತಿ, ಕಲಶಾಭಿಷೇಕ. ಆದ್ದರಿಂದಲೇ ಮೊಮ್ಮಕ್ಕಳ ಎದುರಿಗೆ ಮತ್ತೊಮ್ಮೆ ಮಾಂಗಲ್ಯಧಾರಣೆ. ಎಪ್ಪತ್ತಕ್ಕೆ ಭೀಮರಥ ಶಾಂತಿ. ಎಂಬತ್ತು ದಾಟಿದ ಮೇಲೆ ಸಹಸ್ರ ಚಂದ್ರದರ್ಶನ. ಇದರ ಲೆಕ್ಕ ಸೊಗಸಾಗಿದೆ. 80 ವರ್ಷ 8 ತಿಂಗಳೆಂದರೆ 968 ತಿಂಗಳು; ಮೂವತ್ತೆರಡು ಮೂವತ್ತಮೂರು ತಿಂಗಳಿಗೊಮ್ಮೆ ಬರುವ ಅಧಿಕಮಾಸಗಳು ಸುಮಾರು 30. ಎರಡನ್ನೂ ಕೂಡಿಸಿದರೆ ಹುಣ್ಣಿಮೆಗಳ ಎಣಿಕೆ ಸಾವಿರವನ್ನು ಮುಟ್ಟುತ್ತದೆ. ಇವೆಲ್ಲ ಮನೆಯ ಹಬ್ಬಗಳು. ಇಲ್ಲಿ ಗೆಳೆಯರದು ಅತಿಥಿಯ ಪಾತ್ರ ಮಾತ್ರ.

ಮನೆಯ ಹೊರಗೆ, ನಾಲ್ಕು ಜನರ ಎದುರಿಗೆ ಹುಟ್ಟುಹಬ್ಬ ಆಚರಿಸಿಕೊಳ್ಳುವ ಭಾಗ್ಯ ಬಹುಕಾಲ ಅರಸರಿಗೆ ಮೀಸಲಾಗಿತ್ತು. ಅಕ್ಬರನ ಕಾಲದಿಂದ ಮೊಗಲ ಬಾದಶಹರು ಸೌರಮಾನ ಚಾಂದ್ರಮಾನಗಳ ಪ್ರಕಾರ ವರ್ಷಕ್ಕೆ ಎರಡು ಸಲ ತಕ್ಕಡಿಯಲ್ಲಿ ಕುಳಿತು ತೂಗಿಸಿಕೊಳ್ಳುತ್ತಿದ್ದರು. ತೂಗಿದ ವಸ್ತುಗಳು ದಾನಕ್ಕೆ ಹೋಗುತ್ತಿದ್ದವು. ತುಲಾಭಾರ ನಮಗೂ ಹೊಸದಲ್ಲ. ಹಂಪಿಗೆ ಹೋದವರು ವಿಠ್ಠಲ ದೇವಾಲಯದ ಹತ್ತಿರ ಎರಡು ಕಂಬಗಳ ಮೇಲೆ ಕಲ್ಲಿನ ತೊಲೆ ನಿಂತಿರುವುದನ್ನು ಕಂಡಿರಬಹುದು. ವಿಶೇಷ ದಿನಗಳಲ್ಲಿ ಅರಸರು ತುಲಾಭಾರ ಮಾಡಿಸಿಕೊಳ್ಳುತ್ತಿದ್ದ ಸ್ಥಳ ಅದೆಂದು ಹೇಳುತ್ತಾರೆ. ಆದರೆ ಅರಸರ ಹುಟ್ಟುಹಬ್ಬದ ಬಗೆಗೆ ಎಲ್ಲರೂ ಮರುಳಾಗಲಿಲ್ಲ. 1617ರಲ್ಲಿ ಮಾಂಡುವಿನಲ್ಲಿ ಜಹಾಂಗೀರನ ತುಲಾಭಾರವನ್ನು ನೋಡಿದ ಇಂಗ್ಲಿಷ್ ರಾಯಭಾರಿ ಸರ್ ಥಾಮಸ್ ರೋ, ತಕ್ಕಡಿಯಲ್ಲಿಟ್ಟ ಚೀಲಗಳಲ್ಲಿ ಚಿನ್ನವೂ ರತ್ನವೂ ಇವೆಯೆಂದು ಹೇಳಿದರೂ ಕಣ್ಣಿಗೆ ಕಂಡದ್ದು ಚೀಲ ಮಾತ್ರವೆಂದೂ ಒಳಗೆ ಬೆಣಚುಕಲ್ಲೇ ಇದ್ದಿರಬಹುದೆಂದೂ ಬರೆದಿಟ್ಟಿದ್ದಾನೆ. ಸನ್ಮಾನ ಸಮಿತಿಗಳ ಖಜಾಂಚಿಗಳು ನೆನಪಿನಲ್ಲಿಡಬೇಕಾದ ಮಾತು ಇದು.

ಅರಸರಲ್ಲದವರ ಹುಟ್ಟುಹಬ್ಬವನ್ನು ಗೆಳೆಯರು ಕೈಗೆತ್ತಿಕೊಂಡದ್ದು ಇಪ್ಪತ್ತನೆಯ ಶತಮಾನದ ಮಾತು. 1931ರಲ್ಲಿ ರವೀಂದ್ರನಾಥ ಠಾಕೂರರಿಗೆ ಎಪ್ಪತ್ತು ತುಂಬಿತು. ಅವರ ಪತ್ನಿ ಮೃಣಾಲಿನೀದೇವಿ 1902ರಲ್ಲಿಯೇ ತೀರಿಕೊಂಡಿದ್ದರು. ಕವಿಗೆ ಏನು ಕೊಡುವುದೆಂದು ಯೋಚಿಸಿದ ಗೆಳೆಯರು ಒಂದು ಪುಸ್ತಕವನ್ನು ಕೊಡಲು ನಿರ್ಧರಿಸಿದರು. ಕರೆಗೆ ಹೆಸರು ಕೊಟ್ಟವರಲ್ಲಿ ಗಾಂಧೀಜಿ, ರೊಮೇ ರೊಲಾಂ, ಐನ್‌ಸ್ಟೈನ್, ಜಗದೀಶಚಂದ್ರ ಬೋಸ್ ಇದ್ದರು. ರಾಮಾನಂದ ಚಟರ್ಜಿಯವರ ಸಂಪಾದಕತ್ವದಲ್ಲಿ ‘ಗೋಲ್ಡನ್ ಬುಕ್ ಆಫ್ ಟಾಗೋರ್’ ಕಲ್ಕತ್ತೆಯಿಂದ ಹೊರಬಂದಿತು. ಜಗತ್ತಿನ ನಾನಾ ಮೂಲೆಗಳ ಗೆಳೆಯರು ಒಂದೊಂದು ಬರಹವನ್ನು ಕಾಣಿಕೆಯಾಗಿ ಇತ್ತಿದ್ದರು.

ಕನ್ನಡದಲ್ಲಿ ಇಂಥ ಕೆಲಸಕ್ಕೆ ಮೇಲ್ಪಂಕ್ತಿಯಾದದ್ದು 1941ರಲ್ಲಿ ಬಿ. ಎಂ. ಶ್ರೀಕಂಠಯ್ಯನವರಿಗೆ ಅರ್ಪಿತವಾದ ‘ಸಂಭಾವನೆ’. ಹೆಸರೇ ಎಷ್ಟು ಚೆನ್ನ! ಪುರೋಹಿತರ ಕೈಗೆ ದಕ್ಷಿಣೆಯಾಗಿ ಬೀಳುವ ಸಂಭಾವನೆಯಲ್ಲ. ಶಿಷ್ಯರೂ ಗೆಳೆಯರೂ ತಮ್ಮ ಬರವಣಿಗೆಯನ್ನೇ ಕೊಟ್ಟ ಸಂಭಾವನೆ. ಬಿ. ಎಂ. ಶ್ರೀಯವರೂ ಎಳೆಯ ವಯಸ್ಸಿನಲ್ಲಿಯೇ ಪತ್ನಿಯನ್ನು ಕಳೆದುಕೊಂಡು ಮತ್ತೆ ಮದುವೆಯಾಗದೆ ಉಳಿದವರು. ಅವರ ಮನೆತುಂಬ ಇದ್ದದ್ದು ಶಿಷ್ಯರ ಬಳಗ. ಆ ಬಳಗವೇ ಅವರ ಹಿರಿತನವನ್ನು ಹಬ್ಬವಾಗಿ ಮಾಡಿತು. ಇದರ ಬೆಲೆ ತಿಳಿಯಬೇಕಾದರೆ ಇನ್ನೊಂದು ಸಂಗತಿಯನ್ನು ನೆನೆಯಬೇಕು: 1946ರ ಜನವರಿಯಲ್ಲಿ ಬಿ. ಎಂ. ಶ್ರೀ ತೀರಿಕೊಂಡರು. ಇನ್ನೂ ಸ್ವಲ್ಪ ಕಾಲ ಹೋಗಲಿ ಎಂದು ಗೆಳೆಯರು ಮುಂದೆ ಹಾಕಿದ್ದರೆ?

ಅರವತ್ತೆಂದರೆ ಬೇಂದ್ರೆಯವರ ನೆನಪಾಗದೆ ಇರದು. 1896ರ ಜನವರಿ 31ರಂದು, ಮನ್ಮಥ ಸಂವತ್ಸರದಲ್ಲಿ, ಹುಟ್ಟಿದ ಅವರಿಗೆ 1956ರ ಜನವರಿಯಲ್ಲಿ ಅರವತ್ತು ತುಂಬಿದಾಗ ಮತ್ತೆ ಮನ್ಮಥ ಸಂವತ್ಸರವೇ ನಡೆಯುತ್ತಿತ್ತು. ಆಗ ಅವರು ನಮ್ಮ ಹಾಗೆಯೇ ಹೊರನಾಡಿನಲ್ಲಿದ್ದರು. 1944ರಿಂದ ಸೊಲ್ಲಾಪುರದ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದರು. ಗೆಳೆತನವನ್ನೇ ಒಂದು ಸಂಸ್ಥೆಯಾಗಿ ಬೆಳೆಸಿದವರು ಬೇಂದ್ರೆ. ಇಪ್ಪತ್ತರ ದಶಕದಲ್ಲಿ ಧಾರವಾಡದಲ್ಲಿ ಅವರ ಸುತ್ತ ಬೆಳೆದ ‘ಗೆಳೆಯರ ಗುಂಪಿ’ನಲ್ಲಿ ಗೋಕಾಕ, ಶಂಬಾ ಜೋಶಿ, ಮುಗಳಿ, ಬೆಟಗೇರಿ ಕೃಷ್ಣಶರ್ಮರಂಥವರು ಇದ್ದರು. ಅರವತ್ತಕ್ಕೆ ಅರಳು ಮರಳು ಎಂದು ನಾವು ಹಳಬರನ್ನು ನೋಡಿ ನಗುವುದಿಲ್ಲವೆ? ಬೇಂದ್ರೆಯವರು ಆ ಗಾದೆಯನ್ನೇ ಹಿಡಿದು, ಐದು ಕವನ ಸಂಗ್ರಹಗಳನ್ನು ಒಂದುಗೂಡಿಸಿ 1957ರಲ್ಲಿ ‘ಅರಳು ಮರಳು’ ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಬುದ್ಧಿ ಮಂಕಾಗುವ ಅರಳು ಮರಳು, ಮರಳಿ ಅರಳುವ ಅರಳು ಮರಳಾಯಿತು. 1958ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಅರವತ್ತನ್ನು ಹೇಗೆ ಆಚರಿಸಬೇಕು ಎಂಬ ಪ್ರಶ್ನೆಗೆ, ಆ ವಯಸ್ಸಿನವರು ತಾವೇ ಕೊಡಬಹುದಾದ ಉತ್ತರ ಇದು.

ಆದರೆ ನಮ್ಮ ಗೆಳೆಯರ ಸಂಕಟಕ್ಕೆ ಹತ್ತಿರವಾದ ಸಂದರ್ಭವೆಂದರೆ 1944ರ ಅಕ್ಟೋಬರ್ 2. ಅಂದು ಗಾಂಧೀಜಿಗೆ 75 ತುಂಬಿತು. ಆ ವರ್ಷ ಫೆಬ್ರವರಿ 22ರಂದು ಕಸ್ತೂರಬಾ ಪುಣೆಯ ಆಗಾಖಾನ್ ಅರಮನೆಯ ಬಂಧನದಲ್ಲಿಯೇ ಕಣ್ಣುಮುಚ್ಚಿದ್ದರು. ಅರವತ್ತು ವರ್ಷಗಳಿಗೂ ಮೀರಿದ ದಾಂಪತ್ಯ. ಗಾಂಧೀಜಿ ಮೇ ತಿಂಗಳಲ್ಲಿ ಬಿಡುಗಡೆಯಾಗಿ ಬಂದದ್ದು ಒಬ್ಬರೇ. ಮೊದಲೇ ಅವರಿಗೆ ಹುಟ್ಟುಹಬ್ಬದ ಆಡಂಬರ ಸೇರದು. ತಮ್ಮ ಜಯಂತಿ ಚರಕದ ಜಯಂತಿಯಾಗಲಿ ಎಂದು ಹೇಳುತ್ತ ಬಂದವರು. ಇಂಥವರ ಎಪ್ಪತ್ತೈದನ್ನು ಹೇಗೆ ಆಚರಿಸುವುದು? ಆಪ್ತರು ಕಂಡುಕೊಂಡ ದಾರಿ ಹೀಗಿತ್ತು: ಕಸ್ತೂರಬಾ ಹೆಸರಿನಲ್ಲಿ ಒಂದು ನಿಧಿ, ವರ್ಷಕ್ಕೊಂದು ಲಕ್ಷದಂತೆ 75 ಲಕ್ಷ ರೂಪಾಯಿ, ಅದನ್ನು ಗಾಂಧೀಜಿಯ ಹುಟ್ಟುಹಬ್ಬದಂದು ಒಪ್ಪಿಸುವುದು. ಜನ ಕೊಟ್ಟದ್ದು ಒಂದು ಕೋಟಿಯನ್ನು ಮೀರಿತು. ಸೇವಾಗ್ರಾಮದಲ್ಲಿ ಆ ನಿಧಿ ಗಾಂಧೀಜಿಯ ಕೈಸೇರಿತು. ಹಳ್ಳಿಗಳ ಹೆಂಗಸರ ಮತ್ತು ಮಕ್ಕಳ ಸೇವೆಗೆ ಅದು ಸಲ್ಲಬೇಕೆಂದು ಅವರು ಗೊತ್ತುಮಾಡಿದರು. ನಮ್ಮ ಅರಸೀಕೆರೆಯ ಕಸ್ತೂರಬಾ ಗ್ರಾಮ ಅದೇ ಬೇರಿನ ಒಂದು ಚಿಗುರು.

ಅದೇ ದಿನಕ್ಕಾಗಿ ಹೊರಬಂದ ಇನ್ನೊಂದು ಕಾಣಿಕೆಯ ವಿಷಯ ಹೊರನಾಡ ಕನ್ನಡಿಗರಿಗೆ ಹೆಮ್ಮೆ ತರುವಂಥದು. ಡಿ. ಜಿ. ತೆಂಡೂಲ್ಕರ್ ಮತ್ತು ಸಂಗಡಿಗರು ಸಂಪಾದಿಸಿದ, ‘ಗಾಂಧೀಜಿ: ಹಿಸ್ ಲೈಫ್ ಅಂಡ್ ವರ್ಕ್’ ಎಂಬ ದೊಡ್ಡ ಇಂಗ್ಲಿಷ್ ಗ್ರಂಥವನ್ನು ಪ್ರಕಟಿಸಿದ್ದು ಮುಂಬಯಿಯ ಕರ್ನಾಟಕ ಪಬ್ಲಿಷಿಂಗ್ ಹೌಸ್.

ಇಲ್ಲಿಯೇ ಒಂದು ಎಚ್ಚರಿಕೆಯೂ ಇದೆ. ಮೂರು ವರ್ಷಗಳ ನಂತರ, 1947ರ ಅಕ್ಟೋಬರ್ 2ರಂದು, ದಿಲ್ಲಿಯಲ್ಲಿ ಶುಭ ಕೋರಲು ಬಂದವರಿಗೆ ಗಾಂಧೀಜಿ, ಇದು ಅಭಿನಂದನೆಯ ಸಮಯವೋ ಸಂತಾಪದ ಸಮಯವೋ ಎಂಬ ಅರ್ಥದ ಮಾತಾಡಿದರು. ಸುತ್ತಲೂ ಕೊಲೆ ಸುಲಿಗೆ ನಡೆಯುತ್ತಿತ್ತು. ಅದೇ ವ್ಯಕ್ತಿ, ಅದೇ ದಿನ. ಆದರೆ ಮನಸ್ಸು ಬೇರೆ. ಹಾರ ಹಿಡಿದು ಹೊರಡುವ ಮೊದಲು ಹಾಕಿಸಿಕೊಳ್ಳುವವರ ಮನಸ್ಸನ್ನು ತಿಳಿಯುವುದು ಗೆಳೆಯರ ಕರ್ತವ್ಯ.

ಶಾಸ್ತ್ರ ಹೊರಗಿಟ್ಟವರನ್ನು ಒಳಕ್ಕೆ ಕರೆದುಕೊಂಡ ಬಾಳೊಂದನ್ನೂ ಇಲ್ಲಿ ನೆನೆಯಬಹುದು. ಪುಣೆಯ ಧೋಂಡೊ ಕೇಶವ ಕರ್ವೆಯವರು ಮೊದಲ ಪತ್ನಿ ತೀರಿಕೊಂಡ ಮೇಲೆ 1893ರಲ್ಲಿ ಗೋದೂಬಾಯಿ ಎಂಬ ವಿಧವೆಯನ್ನು ಮದುವೆಯಾದರು. ನಮ್ಮ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರ ಶಾರದಾ ಸದನದಲ್ಲಿ ಓದಿದಾಕೆ ಅವರು. ಮದುವೆಗಾಗಿ ಸ್ವಂತ ಊರಾದ ಮುರುಡದವರು ಕರ್ವೆಯವರಿಗೆ ಬಹಿಷ್ಕಾರ ಹಾಕಿದರು. 1958ರ ಏಪ್ರಿಲ್ 18ರಂದು ಅವರಿಗೆ ನೂರು ತುಂಬಿದಾಗ ಭಾರತ ಸರ್ಕಾರ ಅವರ ಚಿತ್ರದ ಅಂಚೆಚೀಟಿ ಹೊರಡಿಸಿತು. ಅದೇ ವರ್ಷ ಭಾರತರತ್ನವೂ ಬಂದಿತು. ಎರಡು ವರ್ಷಗಳ ಬಳಿಕ, 1960ರ ಸೆಪ್ಟೆಂಬರ್ 15ರಂದು, ನಮ್ಮ ವಿಶ್ವೇಶ್ವರಯ್ಯನವರ ಶತಮಾನೋತ್ಸವಕ್ಕೂ ಅಂಥದೇ ಅಂಚೆಚೀಟಿಯ ಗೌರವ ದೊರೆಯಿತು.

ಕೊನೆಯದಾಗಿ ಡಿ. ವಿ. ಗುಂಡಪ್ಪನವರ ಸಂಗತಿ. ಅವರೂ ಪತ್ನಿಯನ್ನು ಕಳೆದುಕೊಂಡು ಒಂಟಿಯಾಗಿ ಬಾಳಿದವರು. ತಾವು ಬಲ್ಲ ಜನರ ಚಿತ್ರಗಳನ್ನು ‘ಜ್ಞಾಪಕ ಚಿತ್ರಶಾಲೆ’ಯ ಎಂಟು ಸಂಪುಟಗಳಲ್ಲಿ ತುಂಬಿಟ್ಟವರು. 1970ರಲ್ಲಿ, ಎಂಬತ್ತು ದಾಟಿದ್ದ ಅವರಿಗೆ ಬೆಂಗಳೂರಿನ ಕಲಾಕ್ಷೇತ್ರದಲ್ಲಿ ಸನ್ಮಾನ ನಡೆದು, 90,000 ರೂಪಾಯಿಗಳ ಹಮ್ಮಿಣಿ ಅರ್ಪಿತವಾಯಿತು. ಅಂದಿನ ದಿನಕ್ಕೆ ಅದು ಸಾಮಾನ್ಯ ಮೊತ್ತವಲ್ಲ. ಡಿ. ವಿ. ಜಿ. ಅಷ್ಟನ್ನೂ ತಾವು 1945ರಲ್ಲಿ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಕೊಟ್ಟುಬಿಟ್ಟರು. ಅವರು ಸನ್ಮಾನ ಬೇಡ ಎನ್ನಲಿಲ್ಲ. ಹಣ ಮಾತ್ರ ತಮ್ಮ ಮನೆಗೆ ಬರದಂತೆ ನೋಡಿಕೊಂಡರು. ಕೊಡುವವರ ಪ್ರೀತಿಗೂ ನೋವಾಗಲಿಲ್ಲ, ಪಡೆಯುವವರ ನಿಷ್ಠೆಗೂ ಕುಂದಾಗಲಿಲ್ಲ.

ಇಷ್ಟು ನೋಡಿದ ಮೇಲೆ ನಮಗೆ ಹೊಳೆದದ್ದು ಒಂದೇ ಮಾತು. ಜೋಡಿ ಕಳೆದುಕೊಂಡವರನ್ನು ಶಾಸ್ತ್ರದ ಮಣೆ ಕೂರಿಸಿಕೊಳ್ಳದಿರಬಹುದು. ಗೆಳೆಯರ ಚಾಪೆಯಲ್ಲಿ ಅವರಿಗೆ ಜಾಗವಿದೆ. ಆದರೆ ಗೆಳೆಯರು ಕೊಡುವ ಉಡುಗೊರೆ ಅವರ ಕೈಯಲ್ಲಿ ನಿಲ್ಲದೆ ಮುಂದಕ್ಕೆ ಹರಿಯುವಂತಿರಬೇಕು. ಹಾಗಿದ್ದರೆ ಅದನ್ನು ಪಡೆಯಲು ಅವರಿಗೆ ಸಂಕೋಚವಾಗದು.

ನಮ್ಮಲ್ಲಿ ಇಬ್ಬರು ಹೋಗಿ ಗೆಳೆಯರ ಮುಂದೆ ಕುಳಿತೆವು. ಸಭಾಗೃಹವಿಲ್ಲ, ಶಾಲಿಲ್ಲ, ಭಾಷಣವಿಲ್ಲ ಎಂದೆವು. ಅಂದು ಸಂಘದ ಕೋಣೆಯಲ್ಲಿಯೇ ಎಲ್ಲರೂ ಸೇರಿ ಹೋಳಿಗೆಯ ಊಟ. ಪ್ರತಿಯೊಬ್ಬರೂ ಅವರನ್ನು ಕುರಿತು ಎರಡು ಪುಟ ಕೈಬರಹದಲ್ಲಿ ತರುವುದು. ಹೊಲಿದರೆ ಅದೇ ನಮ್ಮ ಅಭಿನಂದನ ಗ್ರಂಥ. ಕೂಡಿದ ಹಣವೆಲ್ಲ ಭಾನುವಾರದ ಕನ್ನಡ ತರಗತಿಗೆ. ಆ ತರಗತಿಯನ್ನು ತಮ್ಮ ಅಡಿಗೆಮನೆಯ ಬಾಗಿಲಲ್ಲಿ ನಾಲ್ಕು ಮಕ್ಕಳೊಂದಿಗೆ ಆರಂಭಿಸಿದವರು ಅವರ ಮನೆಯಾಕೆಯೇ. ಪುಸ್ತಕದ ಕಪಾಟಿನ ಮೇಲೆ ಇರುವುದು ಆಕೆಯ ಹೆಸರು.

ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಹೋಳಿಗೆ ಕಾಯಿದೇ ಆಗಬೇಕು, ಅವಳು ಬೇಳೆಯದು ಮಾಡುತ್ತಿರಲಿಲ್ಲ,” ಎಂದರು. ಎದ್ದು ಹೊರಟಾಗ ಬಾಗಿಲವರೆಗೆ ಬಂದು ಇನ್ನೊಂದು ಕರಾರು ಹಾಕಿದರು: ಯಾರು ಎಷ್ಟು ಕೊಟ್ಟರು, ಯಾವ ಪುಸ್ತಕಕ್ಕೆ ಎಷ್ಟಾಯಿತು ಎಂಬ ಲೆಕ್ಕ ಈ ಮಾಸಪತ್ರಿಕೆಯಲ್ಲಿ ಅಚ್ಚಾಗಬೇಕು. ಆಗಲಿ ಎಂದು ಒಪ್ಪಿಕೊಂಡು ಬಂದಿದ್ದೇವೆ. ಸರ್ ಥಾಮಸ್ ರೋ ಇಂದು ಬಂದು ನಮ್ಮ ಚೀಲ ಬಿಚ್ಚಿ ನೋಡಿದರೂ ಬೆಣಚುಕಲ್ಲು ಸಿಗಲಾರದು.