‘ಬಲೆ, ಕುಳ್ಳುಲೆ’: ಅಂಗಡಿಯಲ್ಲಿ ನಿಂತವರಿಗೆ ಸ್ಟೂಲ್ ಸಿಕ್ಕಿದ ಕಥೆ

ಬಸ್ಸಲ್ಲಿ ಕಂಬಿ ಹಿಡ್ಕೊಂಡು ನಿಂತೇ ಕೇಳ್ತಿದ್ದೀರಾ? ಹಾಗಾದ್ರೆ ಇವತ್ತಿನ ಎಪಿಸೋಡ್ ನಿಮ್ಮದೇ.

ಬಿ.ಕಾಂ. ಮುಗಿಸಿ ಎರಡು ವರ್ಷ ನಾನು ಮಣಿಪಾಲದ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಬೆಳಿಗ್ಗೆ ಒಂಬತ್ತೂವರೆಯಿಂದ ರಾತ್ರಿ ಎಂಟರವರೆಗೆ. ಗಿರಾಕಿ ಬಂದ ಕೂಡ್ಲೇ ‘ಬಲೆ, ಕುಳ್ಳುಲೆ’ ಅನ್ಬೇಕು. ತುಳುವಲ್ಲಿ ‘ಬನ್ನಿ, ಕೂತ್ಕೊಳ್ಳಿ’ ಅಂತ. ಹೇಳುವ ನಮಗೆ ಮಾತ್ರ ಕೂರುವ ಹಾಗಿಲ್ಲ. ಅಂಗಡಿ ಖಾಲಿ ಇರುವ ಮಧ್ಯಾಹ್ನವೂ ಇಲ್ಲ. ಕೂತ್ರೆ ‘ಎಂತ, ಕೆಲಸ ಇಲ್ವಾ?’

ಒಂದೇ ವರ್ಷದಲ್ಲಿ ಸೊಂಟ ಹಿಡಿಯಿತು. ಬೆಳಿಗ್ಗೆ ಬಗ್ಗಿ ಚಪ್ಪಲಿ ಹಾಕ್ಲಿಕ್ಕೆ ಗೋಡೆ ಹಿಡೀಬೇಕು. ಇಪ್ಪತ್ತನಾಲ್ಕು ವಯಸ್ಸು ಮಾರಾಯ್ರೆ! ಸೀರೆ ಸೆಕ್ಷನ್‌ನಲ್ಲಿ ಒಬ್ರು ಅಕ್ಕ ಇದ್ರು. ಅವರು ಯಾವಾಗ್ಲೂ ಒಂದು ಕಾಲನ್ನು ಕೆಳಗಿನ ಶೆಲ್ಫ್ ಮೇಲೆ ಇಟ್ಟು ನಿಲ್ತಿದ್ರು. ಸ್ವಲ್ಪ ಹೊತ್ತಿಗೆ ಕಾಲು ಬದಲಾಯಿಸ್ತಿದ್ರು. ಅಭ್ಯಾಸ ಅಂದ್ಕೊಂಡಿದ್ದೆ. ಆಮೇಲೆ ಫಿಸಿಯೋಥೆರಪಿಸ್ಟ್ ನನಗೆ ಹೇಳಿಕೊಟ್ಟಿದ್ದೂ ಅದನ್ನೇ. ಅಲುಗಾಡದೆ ನಿಂತ್ರೆ ಬೆನ್ನಿನ ಸ್ನಾಯುಗಳಿಗೆ ಬಿಡುವೇ ಇಲ್ಲ; ಒಂದು ಕಾಲು ಎತ್ತರದಲ್ಲಿಟ್ರೆ ಸೊಂಟದ ಬಾಗು ಕಮ್ಮಿ ಆಗ್ತದೆ. ಹಾಗಂತ ಮಲಗಿಯೇ ಇರೋದೂ ಮದ್ದಲ್ಲ. ನಡೀಬೇಕು, ಭಂಗಿ ಬದಲಾಯಿಸ್ತಾ ಇರ್ಬೇಕು, ಆಗಾಗ ಕೂರಬೇಕು. ಒಂದು ಮಾತು: ಕಾಲಲ್ಲಿ ಶಕ್ತಿ ಹೋದ್ರೆ, ಮೂತ್ರದ ಹಿಡಿತ ತಪ್ಪಿದ್ರೆ ಪಾಡ್‌ಕಾಸ್ಟ್ ಕೇಳ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

1953ರಿಂದ ಮೆಡಿಕಲ್ ಕಾಲೇಜು ಇರುವ ಊರು ನಮ್ಮದು. ಸೊಂಟಕ್ಕೆ ಚಿಕಿತ್ಸೆ ನಡೆದು ಹೋಗುವಷ್ಟು ಹತ್ತಿರ ಉಂಟು. ಆದ್ರೆ ಆ ‘ಆಗಾಗ ಕೂರಬೇಕು’ ಅನ್ನೋದನ್ನು ಚೀಟಿಯಲ್ಲಿ ಬರೆದು ಕೊಟ್ರೂ, ಅಂಗಡಿಯಲ್ಲಿ ಸ್ಟೂಲ್ ಇಡೋದು ಡಾಕ್ಟರ್ ಅಲ್ಲ. ಅದಕ್ಕೆ ಕಾನೂನು ಬೇಕಾಯ್ತು. ಆ ಕಾನೂನಿನ ಕಥೆ ಕೇಳಿ.

ಬ್ರಿಟನ್‌ನಲ್ಲಿ ಅಂಗಡಿ ಹುಡುಗಿಯರ ಪಾಡು ನೋಡಿ 1899ರಲ್ಲೇ ಒಂದು ಕಾಯ್ದೆ ಬಂತು. ಮೂವರು ಮಹಿಳಾ ಸಹಾಯಕರಿಗೆ ಕನಿಷ್ಠ ಒಂದು ಆಸನ ಇಡಲೇಬೇಕು ಅಂತ. ಆಗ ನಾವು ಬ್ರಿಟಿಷರ ಕೈಕೆಳಗೇ ಇದ್ದೆವು. ಸ್ವಾತಂತ್ರ್ಯ ಬಂದ ಮೇಲೆ 1948ರ ಕಾರ್ಖಾನೆ ಕಾಯ್ದೆಯ 44ನೇ ಸೆಕ್ಷನ್, ನಿಂತು ಕೆಲಸ ಮಾಡುವವರಿಗೆ ಕೂರುವ ವ್ಯವಸ್ಥೆ ಇರಬೇಕು, ಬಿಡುವು ಸಿಕ್ಕಿದಾಗ ಅವರು ಕೂತುಕೊಳ್ಳಲಿ ಎಂದು ಹೇಳಿತು. ಒಳ್ಳೆಯ ಮಾತು. ಆದ್ರೆ ಅದು ಕಾರ್ಖಾನೆಗೆ ಮಾತ್ರ. ಅಂಗಡಿಗೆ ನಮ್ಮ ರಾಜ್ಯದಲ್ಲಿ ಬೇರೆ ಕಾಯ್ದೆ, 1961ರದ್ದು. ದಿನಕ್ಕೆ 9 ಗಂಟೆ, ವಾರಕ್ಕೆ 48, ಐದು ಗಂಟೆಯ ಕೆಲಸಕ್ಕೆ ಒಂದು ಗಂಟೆ ಬಿಡುವು ಅಂತ ಅದರಲ್ಲಿ ಬರೆದರು. ಸ್ಟೂಲ್ ಬರೆಯಲಿಲ್ಲ.

ಆ ಮಾತು ಕಾರ್ಖಾನೆ ಗೇಟು ದಾಟಿ ಅಂಗಡಿಗೆ ಬರ್ಲಿಕ್ಕೆ ಎಪ್ಪತ್ತು ವರ್ಷ ಹಿಡೀತು. ತಂದವರು ಕೇರಳದ ಸೇಲ್ಸ್ ಹೆಂಗಸರು. ಕೋಝಿಕ್ಕೋಡ್‌ನಲ್ಲಿ ಟೈಲರ್ ಆಗಿದ್ದ ಪಿ. ವಿಜಿ ‘ಪೆಣ್‌ಕೂಟ್ಟ್’ ಅಂತ ಸಂಘಟನೆ ಕಟ್ಟಿದರು. ಮೊದಲು ಕೇಳಿದ್ದು ಶೌಚಾಲಯ. ಹೋಗ್ಲಿಕ್ಕೆ ಜಾಗ ಇಲ್ಲ ಅಂತ ಹೆಂಗಸರು ದಿನವಿಡೀ ನೀರೇ ಕುಡೀತಿರ್ಲಿಲ್ಲ. ಆಮೇಲೆ ಕೇಳಿದ್ದು ಕೂರುವ ಹಕ್ಕು. 2014ರ ಕೊನೆಗೆ ತ್ರಿಶೂರಿನ ಒಂದು ದೊಡ್ಡ ಸೀರೆ ಅಂಗಡಿಯ ಹೆಂಗಸರು ಶುರು ಮಾಡಿದ ಧರಣಿ ತಿಂಗಳುಗಟ್ಟಲೆ ನಡೀತು. ಜನ ಅದನ್ನು ‘ಇರಿಕ್ಕಲ್ ಸಮರಂ’ ಅಂದ್ರು, ಕೂರುವ ಹೋರಾಟ. 2018ರಲ್ಲಿ ಕೇರಳ ತನ್ನ ಅಂಗಡಿ ಕಾಯ್ದೆ ತಿದ್ದಿತು. 2021ರಲ್ಲಿ ತಮಿಳುನಾಡೂ ತಿದ್ದಿತು.

ಈಗ ನಮ್ಮ ಗಡಿ ನೋಡಿ. ಮಂಜೇಶ್ವರ, ಕುಂಬಳೆಯ ಬಟ್ಟೆ ಅಂಗಡಿಯಲ್ಲಿ ಕನ್ನಡ, ತುಳು ಮಾತಾಡುವ ಅಕ್ಕನಿಗೆ 2018ರಲ್ಲೇ ಸ್ಟೂಲಿನ ಹಕ್ಕು ಬಂತು. ತಲಪಾಡಿ ದಾಟಿ ಈಚೆ, ಅದೇ ಭಾಷೆಯ, ಅದೇ ಸೊಂಟನೋವಿನ ನಮಗೆ ಬರಲಿಲ್ಲ. ನಮಗೆ ಬಂದದ್ದು ದೆಹಲಿ ದಾರಿಯಾಗಿ. 2020ರಲ್ಲಿ ಸಂಸತ್ತು ಪಾಸು ಮಾಡಿದ ಕೆಲಸದ ಸುರಕ್ಷತೆ, ಆರೋಗ್ಯದ ಸಂಹಿತೆಯಲ್ಲಿ ನಿಂತು ಕೆಲಸ ಮಾಡುವವರಿಗೆ ಕೂರುವ ವ್ಯವಸ್ಥೆಯ ಮಾತು ಉಂಟು. ಅದು ಜಾರಿಗೆ ಬಂದದ್ದು 2025ರ ನವೆಂಬರ್ 21ಕ್ಕೆ. ಲೆಕ್ಕ ಮಾತ್ರ ಹತ್ತು ಮತ್ತು ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆಗೆ. ಟೈಗರ್ ಸರ್ಕಲ್‌ನಿಂದ ಒಂದು ಸುತ್ತು ಹಾಕಿ. ಮೆಡಿಕಲ್ ಶಾಪ್, ಫ್ಯಾನ್ಸಿ ಸ್ಟೋರ್, ಮೊಬೈಲ್ ಅಂಗಡಿ... ಎಷ್ಟು ಕಡೆ ಹತ್ತು ಜನ ಕಾಣ್ತಾರೆ? ಮೂರು, ನಾಲ್ಕು ಜನ ಇರುವಲ್ಲಿ ಸ್ಟೂಲ್ ಇನ್ನೂ ಧಣಿಗಳ ದಯೆ.

ಕಾಮರ್ಸ್ ಓದಿದವನು ನಾನು, ಲೆಕ್ಕ ಬಿಡೋದಿಲ್ಲ. ಒಂದು ಪ್ಲಾಸ್ಟಿಕ್ ಸ್ಟೂಲಿನ ಖರ್ಚು ಒಂದೇ ಸಲ. ನನ್ನ ಸೊಂಟದ ಖರ್ಚು ಈಗ್ಲೂ ತಿಂಗಳು ತಿಂಗಳು ಬರ್ತಾ ಉಂಟು, ಅದು ಯಾರ ಬ್ಯಾಲೆನ್ಸ್ ಶೀಟಲ್ಲೂ ಇಲ್ಲ.

ಅದಕ್ಕೇ ಎರಡು ಮಾತು. ನೀವು ಕೆಲಸ ಮಾಡುವಲ್ಲಿ ಎಷ್ಟು ಜನ ಇದ್ದೀರಿ ಅಂತ ಎಣಿಸಿ; ಹತ್ತು ಅಥವಾ ಅದಕ್ಕಿಂತ ಹೆಚ್ಚಿದ್ರೆ ಸ್ಟೂಲ್ ಕೇಳೋದು ಬೇಡುವುದಲ್ಲ. ಮತ್ತೆ, ಗಿರಾಕಿಯಾಗಿ ಅಂಗಡಿಗೆ ಹೋದಾಗ ಕೂತಿದ್ದವರು ಗಡಿಬಿಡಿಯಲ್ಲಿ ಎದ್ದು ನಿಂತ್ರೆ, ಈ ಸಲ ನೀವೇ ಹೇಳಿ: ‘ಕುಳ್ಳುಲೆ ಅಕ್ಕ, ಅವಸರ ಇಲ್ಲ.’