ಓದಿನ ರುಚಿಗೆ ಜಾಲತಾಣದ ನೆರವು: ಸ್ಟೋರಿವೀವರ್ ಮತ್ತು ಗಡಿನಾಡಿನ ಮಕ್ಕಳು

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಿಗೆ ಬರುವ ಎಷ್ಟೋ ಮಕ್ಕಳ ಮನೆಮಾತು ತುಳು, ಹವ್ಯಕ, ಕೊಂಕಣಿ, ಮರಾಟಿ ಅಥವಾ ಮಲಯಾಳ. ಪೇಟೆಯ ಫಲಕಗಳಲ್ಲಿಯೂ ಬಸ್ಸುಗಳ ಹಣೆಯಲ್ಲಿಯೂ ಹೆಚ್ಚಾಗಿ ಕಾಣುವುದು ಮಲಯಾಳ ಲಿಪಿ. ಪಠ್ಯಪುಸ್ತಕವನ್ನು ಮುಚ್ಚಿದೊಡನೆ ಅನೇಕ ಮಕ್ಕಳ ಪಾಲಿಗೆ ಕನ್ನಡ ಅಕ್ಷರವೇ ಮುಚ್ಚಿದಂತಾಗುತ್ತದೆ. ಆರನೆಯ ತರಗತಿಯಲ್ಲಿಯೂ ಒತ್ತಕ್ಷರಕ್ಕೆ ತಡವರಿಸುವ ಮಗುವನ್ನು ದೂರುವ ಮೊದಲು, ಅದಕ್ಕೆ ಓದಲು ನಾವು ಏನನ್ನು ಕೊಟ್ಟಿದ್ದೇವೆ ಎಂದು ಕೇಳಿಕೊಳ್ಳಬೇಕು.

ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ನೀಗಬಲ್ಲ ಸಾಧನ ಸ್ಟೋರಿವೀವರ್. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆಯು 2015ರ ಸೆಪ್ಟೆಂಬರ್ 8ರಂದು, ಅಂತಾರಾಷ್ಟ್ರೀಯ ಸಾಕ್ಷರತಾ ದಿನದಂದು, ಆರಂಭಿಸಿದ ಜಾಲತಾಣವಿದು. ಮುನ್ನೂರಕ್ಕೂ ಹೆಚ್ಚು ಭಾಷೆಗಳ ಸಚಿತ್ರ ಕಥೆಗಳು ಇಲ್ಲಿವೆ. ಕನ್ನಡದ ಕಪಾಟು ಸಾಕಷ್ಟು ದೊಡ್ಡದು. ಓದಲು ಶುಲ್ಕವಿಲ್ಲ. ಕಥೆಗಳನ್ನು ನಾಲ್ಕು ಹಂತಗಳಲ್ಲಿ ವಿಂಗಡಿಸಲಾಗಿದೆ: ಮೊದಲನೆಯದರಲ್ಲಿ 250 ಪದಗಳೊಳಗಿನ ಕಥೆಗಳು, ಎರಡನೆಯದರಲ್ಲಿ 600ರವರೆಗೆ, ಮೂರನೆಯದರಲ್ಲಿ 1500ರವರೆಗೆ, ನಾಲ್ಕನೆಯದರಲ್ಲಿ ಅದಕ್ಕಿಂತ ದೀರ್ಘವಾದವು. ಮಗುವಿನ ತರಗತಿಯನ್ನು ನೋಡಿ ಹಂತವನ್ನು ಆರಿಸಬಾರದು. ಏಳನೆಯ ತರಗತಿಯ ಮಗುವೂ ಎರಡನೆಯ ಹಂತದಿಂದ ತೊಡಗಬಹುದು. ಅದರಲ್ಲಿ ನಾಚಿಕೆಯೇನೂ ಇಲ್ಲ.

ಕೆಲವು ಕಥೆಗಳಿಗೆ ಧ್ವನಿಯೂ ಇದೆ. ಓದುವ ದನಿಯೊಡನೆ ಆಯಾ ಪದವು ಪರದೆಯ ಮೇಲೆ ಬಣ್ಣಗೂಡಿ ಕಾಣುತ್ತದೆ. ಕನ್ನಡವನ್ನು ಕೇಳಿ ಅರಿಯಬಲ್ಲ, ಆದರೆ ಓದಲು ಅಂಜುವ ಮಗುವಿಗೆ ಇದು ಒಳ್ಳೆಯ ಊರುಗೋಲು. ಎರಡು ಬಾರಿ ಕೇಳಿಸಿ, ಮೂರನೆಯ ಬಾರಿ ದನಿಯನ್ನು ನಿಲ್ಲಿಸಿ ಮಗುವಿನಿಂದಲೇ ಓದಿಸಬೇಕು. ದನಿ ನಿಲ್ಲದಿದ್ದರೆ ಅದು ಓದಲ್ಲ, ಬರಿಯ ಕಥಾಶ್ರವಣ.

ಯಂತ್ರಕ್ಕಿಂತ ಹೆಚ್ಚಾಗಿ ಮಗುವನ್ನು ಓದಿಗೆ ಎಳೆಯುವುದು ಕೇಳುವವರ ಇರವು ಎಂಬುದು ನಮ್ಮ ಅನುಭವ. ದಿನಕ್ಕೊಂದು ಪುಟವನ್ನು ಓದಿ, ಧ್ವನಿಮುದ್ರಿಸಿ, ವಾಟ್ಸ್‌ಆ್ಯಪ್‌ನಲ್ಲಿ ಅಜ್ಜಿಗೋ ದೂರದ ಮಾವನಿಗೋ ಕಳುಹಿಸುವಂತೆ ನಾವು ಮಕ್ಕಳಿಗೆ ಹೇಳುತ್ತೇವೆ. ಕಳುಹಿಸುವ ಮೊದಲು ತಾನೇ ಕೇಳಿ, ಸರಿಬಾರದೆ ಅಳಿಸಿ, ಮಗು ಮತ್ತೆ ಓದುತ್ತದೆ. ನಾವು ಹತ್ತು ಬಾರಿ ಹೇಳಿದರೂ ಆಗದ ಪುನರಾವರ್ತನೆಯು ಹೀಗೆ ತಾನಾಗಿ ಆಗುತ್ತದೆ. ತಪ್ಪು ಹುಡುಕದೆ ‘ಮುಂದೇನಾಯಿತು?’ ಎಂದು ಅಜ್ಜಿ ಕೇಳಿದರೆ ಸಾಕು.

ಅಂಕ ಗಳಿಸುವ ರಸಪ್ರಶ್ನೆಯ ಆಟಗಳನ್ನೂ ನಾವು ಪ್ರಯೋಗಿಸಿದ್ದೇವೆ. ಉತ್ಸಾಹ ಬಹಳ ಕಂಡಿತು. ಆದರೆ ವೇಗದ ಆಸೆಯಿಂದ ಮಕ್ಕಳು ಪ್ರಶ್ನೆಯನ್ನೇ ಓದದೆ ಗುಂಡಿ ಒತ್ತತೊಡಗಿದರು. ಕಥೆ ಮುಗಿದ ಮೇಲೆ ವಾರಕ್ಕೊಮ್ಮೆ ಸಾಕು.

ಗಡಿನಾಡಿನ ಮಕ್ಕಳಿಗೇ ಒಪ್ಪುವ ಇನ್ನೊಂದು ಸೌಲಭ್ಯ ಅನುವಾದ. ಖಾತೆ ತೆರೆದವರು ಅಲ್ಲಿನ ಕಥೆಯನ್ನು ಮತ್ತೊಂದು ಭಾಷೆಗೆ ತಂದು ಅಲ್ಲಿಯೇ ಪ್ರಕಟಿಸಬಹುದು. ಮಲಯಾಳದ ಕಥೆಯೊಂದನ್ನು ಕನ್ನಡಕ್ಕೆ ತರಲು ಕುಳಿತ ನಮ್ಮ ಮಕ್ಕಳು ‘ತೋಡು’ ಎಂಬಲ್ಲಿ ‘ಹಳ್ಳ’ ಬರೆಯಬೇಕೆ, ನಮ್ಮೂರಿನವರು ಹೇಳುವಂತೆ ‘ತೋಡು’ ಎಂದೇ ಉಳಿಸಬೇಕೆ ಎಂದು ಅರ್ಧ ಗಂಟೆ ವಾದಿಸಿದರು. ಎರಡು ಲಿಪಿಗಳ ನಡುವೆ ಬೆಳೆಯುವುದನ್ನು ಹೊರೆಯೆಂದು ಭಾವಿಸಿದ್ದ ತಂದೆತಾಯಿಗಳು ಆ ವಾದವನ್ನು ಕೇಳಬೇಕಿತ್ತು. ಸೊಲ್ಲಾಪುರದ ಮಕ್ಕಳಿಗೆ ಮರಾಠಿಯಿಂದ, ತಾಳವಾಡಿಯವರಿಗೆ ತಮಿಳಿನಿಂದ ಇದೇ ಕೆಲಸ ಸಾಧ್ಯ.

ಮನೆಯಲ್ಲಿ ಮೊಬೈಲ್ ಒಂದೇ, ಅದೂ ಸಂಜೆ ಅಪ್ಪ ಬಂದ ಮೇಲೆ ಸಿಗುವುದು ಎಂಬ ಮಾತನ್ನು ನಾವು ಪ್ರತಿ ರಕ್ಷಕರ ಸಭೆಯಲ್ಲಿಯೂ ಕೇಳುತ್ತೇವೆ. ಅಂಥವರಿಗೆ ಮುದ್ರಣದ ದಾರಿಯಿದೆ. ಇಲ್ಲಿನ ಕಥೆಗಳು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಮುಕ್ತವಾಗಿವೆ. ಲೇಖಕರ, ಚಿತ್ರಕಾರರ, ಅನುವಾದಕರ ಹೆಸರುಗಳನ್ನು ಉಳಿಸಿಕೊಂಡು ಪಿಡಿಎಫ್ ಪ್ರತಿಯನ್ನು ಇಳಿಸಿ ಮುದ್ರಿಸಿ ಹಂಚಬಹುದು. ಮೊದಲ ಹಂತದ ಹತ್ತು ಕಥೆಗಳನ್ನು ಕಪ್ಪುಬಿಳುಪಿನಲ್ಲಿ ಮುದ್ರಿಸಿ ಹೊಲಿದರೆ ತರಗತಿಯ ಮೂಲೆಯಲ್ಲೊಂದು ಪುಟ್ಟ ಗ್ರಂಥಾಲಯವಾಗುತ್ತದೆ. ಬಣ್ಣ ಹಚ್ಚುವ ಕೆಲಸವನ್ನು ಮಕ್ಕಳಿಗೇ ಬಿಡಬಹುದು.